ನಟ್ಟಿನ ಹಿಡಿತ, ಉಕ್ಕಿನ ಹದ

ಮೇ ತಿಂಗಳ ನಡುಹಗಲು. ಗುಂಜಹಳ್ಳಿಯಲ್ಲಿ ನೆಂಟರ ಮನೆಯ ಊಟ ಮುಗಿಸಿ ರಾಯಚೂರಿಗೆ ಹೊರಟಿದ್ದೆವು. ಊರು ದಾಟಿ ಸ್ವಲ್ಪ ದೂರ ಬಂದಿದ್ದೆವೋ ಇಲ್ಲವೋ, ಕಾರಿನ ಎಡಗಡೆಯ ಹಿಂದಿನ ಚಕ್ರ ಕೂತುಬಿಟ್ಟಿತು. ಎರಡೂ ಬದಿಗೆ ಬಿರುಕುಬಿಟ್ಟ ಎರೆಹೊಲ, ನೆರಳಿಗೆಂದು ಒಂದು ಜಾಲಿ ಮರ. ಡಿಕ್ಕಿಯಲ್ಲಿ ಸ್ಟೆಪ್ನಿ ಇತ್ತು, ಜಾಕ್ ಇತ್ತು, ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದ ಹೊಳೆಯುವ ವೀಲ್ ಪಾನವೂ ಇತ್ತು. ಮೂರು ನಟ್ಟು ಬಿಚ್ಚಿಕೊಂಡವು. ನಾಲ್ಕನೆಯದು ಕದಲಲಿಲ್ಲ. ಮೈಭಾರವನ್ನೆಲ್ಲ ಹಾಕಿ ಒತ್ತಿದಾಗ ಪಾನ ಜಾರಿತು. ಬೆರಳ ಗೆಣ್ಣು ಚಕ್ರದ ಅಂಚಿಗೆ ಬಡಿದು ರಕ್ತ ಸುರಿಯಿತು. ನೋಡಿದರೆ ಪಾನದ ಬಾಯಿ ಅಗಲವಾಗಿತ್ತು, ನಟ್ಟಿನ ಆರು ಮೂಲೆಗಳೂ ಸವೆದು ಗುಂಡಗಾಗಿದ್ದವು.

ಆ ದಾರಿಯಲ್ಲಿ ಬಂದ ಟ್ರ್ಯಾಕ್ಟರಿನ ಹುಡುಗನೊಬ್ಬ ಹೋಗಿ ಪಂಚರ್ ಅಂಗಡಿಯ ಹಿರಿಯರೊಬ್ಬರನ್ನು ಕರೆತಂದ. ಅವರು ಚೀಲದಿಂದ ಕಪ್ಪು ಬಣ್ಣದ ದಪ್ಪ ಸಾಕೆಟ್ ಒಂದನ್ನು ತೆಗೆದು, ಸವೆದ ನಟ್ಟಿನ ಮೇಲಿಟ್ಟು, ಸುತ್ತಿಗೆಯಿಂದ ಎರಡು ಏಟು ಕೊಟ್ಟು ಕೂರಿಸಿದರು. ರಾಡು ಸಿಕ್ಕಿಸಿ, ಅದಕ್ಕೊಂದು ಉದ್ದನೆಯ ಪೈಪು ತೊಡಿಸಿ, ನಿಧಾನವಾಗಿ ಎಳೆದರು. ಟಕ್ ಎಂದು ನಟ್ಟು ಬಿಟ್ಟಿತು. ಆಮೇಲೆ ನನ್ನ ಪಾನವನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ ಹೇಳಿದರು: “ಬಾಯಿ ಬಿಟ್ಟದ ನೋಡ್ರಿ ಸರ್. ಹೊಳಪು ಅದ, ಹದ ಇಲ್ಲ.”

ಹದ. ನಮ್ಮ ಭಾಗದಲ್ಲಿ ಈ ಮಾತು ನೆಲಕ್ಕೂ ಸಲ್ಲುತ್ತದೆ, ರೊಟ್ಟಿಯ ಹಿಟ್ಟಿಗೂ ಸಲ್ಲುತ್ತದೆ, ಕಮ್ಮಾರನ ಕುಲುಮೆಯ ಕಬ್ಬಿಣಕ್ಕೂ ಸಲ್ಲುತ್ತದೆ. ರಸ್ತೆ ಬದಿಯಲ್ಲಿ ಚಕ್ರ ಬದಲಿಸುವ ಕೆಲಸದಲ್ಲಿ ಮೂರು ಹದಗಳು ಕೂಡಿಬರಬೇಕು. ಪಾನದ ಉಕ್ಕಿಗೆ ಹದವಿರಬೇಕು, ಜಾಕಿನ ಕೆಳಗಿನ ನೆಲಕ್ಕೆ ಹದವಿರಬೇಕು, ನಟ್ಟು ಬಿಗಿಯುವ ಕೈಗೂ ಹದವಿರಬೇಕು. ಅಗ್ಗದ ಆಮದು ಸಾಮಾನು ಕೊಳ್ಳುವುದೋ, ಒಳ್ಳೆಯ ಸಾಮಾನು ಕೊಳ್ಳುವುದೋ ಎಂಬ ಪ್ರಶ್ನೆಗೆ ಉತ್ತರ ಈ ಮೂರರಲ್ಲಿದೆ.

ಸ್ಟೆಪ್ನಿ ಎಂಬ ಬೀದಿ

ಮೊದಲಿಗೆ ಒಂದು ಪದದ ಕತೆ. ಮಾನ್ವಿಯ ಲಾರಿ ಚಾಲಕರೂ ದೇವದುರ್ಗದ ಟಂಟಂ ಓಡಿಸುವವರೂ ದಿನಾ ಬಳಸುವ ‘ಸ್ಟೆಪ್ನಿ’ ನಿಜಕ್ಕೂ ಒಂದು ಬೀದಿಯ ಹೆಸರು. ಮೋಟಾರು ವಾಹನಗಳ ಮೊದಲ ದಿನಗಳಲ್ಲಿ ಹೆಚ್ಚುವರಿ ಚಕ್ರವನ್ನು ಒಯ್ಯುವ ರೂಢಿ ಇರಲಿಲ್ಲ. ಟೈರು ಒಡೆದರೆ ದಾರಿಯಲ್ಲೇ ಅದನ್ನು ಕಳಚಿ, ತೇಪೆ ಹಾಕಿ, ಗಾಳಿ ತುಂಬಬೇಕಿತ್ತು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಡೇವಿಸ್ ಸಹೋದರರು ಒಡೆದ ಚಕ್ರದ ಪಕ್ಕಕ್ಕೆ ಕಟ್ಟಿಕೊಳ್ಳಬಹುದಾದ ಬದಲಿ ಚಕ್ರವನ್ನು ಮಾಡಿದರು. ಅವರ ಕಾರ್ಯಾಗಾರ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಬೀದಿಯ ಹೆಸರನ್ನೇ ಚಕ್ರಕ್ಕಿಟ್ಟರು. ಬ್ರಿಟನ್ನಿನಲ್ಲಿ ಈಗ ಆ ಪದ ಬಳಕೆಯಲ್ಲಿಲ್ಲ, ನಮ್ಮಲ್ಲಿ ಇನ್ನೂ ಜೀವಂತ.

ಈಗ ಆ ಚಕ್ರವೂ ಮರೆಯಾಗುತ್ತಿದೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಟೈರಿನ ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಚರ್ ಕಿಟ್ ಇರುವ ಸಣ್ಣ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ನಗರದಲ್ಲಿ ಅದು ನಡೆದೀತು. ಹಳ್ಳಿದಾರಿಯ ಕಲ್ಲಿಗೆ ಟೈರಿನ ಪಕ್ಕೆಯೇ ಸೀಳಿಹೋದರೆ ಯಾವ ಕಿಟ್ಟೂ ಕೆಲಸಕ್ಕೆ ಬಾರದು. ನಮ್ಮ ಕಡೆ ಸ್ಟೆಪ್ನಿ ಬೇಕು, ಅದನ್ನು ಹಾಕಲು ಬೇಕಾದ ಸಾಮಾನೂ ಬೇಕು.

ನಟ್ಟು ಅಷ್ಟು ಬಿಗಿ ಏಕೆ?

ಚಕ್ರವನ್ನು ಹಿಡಿದಿಟ್ಟಿರುವುದು ಬೋಲ್ಟಿನ ಗಟ್ಟಿತನವೆಂದು ನಾವು ತಿಳಿದಿರುತ್ತೇವೆ. ಚಕ್ರ ಬೋಲ್ಟುಗಳ ಮೇಲೆ ನೇತಾಡುತ್ತಿದೆ, ಬೋಲ್ಟುಗಳು ಭಾರ ಹೊತ್ತಿವೆ ಎಂಬ ಕಲ್ಪನೆ ಅದು. ನಡೆಯುವುದು ಬೇರೆ. ನಟ್ಟು ಬಿಗಿದಾಗ ಬೋಲ್ಟು ಸ್ಪ್ರಿಂಗಿನಂತೆ ಹಿಗ್ಗುತ್ತದೆ. ಆ ಹಿಗ್ಗು ಹೆಚ್ಚುಕಡಿಮೆ ತಲೆಗೂದಲಿನ ದಪ್ಪದಷ್ಟು, ಅಷ್ಟೆ. ಹಿಗ್ಗಿದ ಬೋಲ್ಟು ಮತ್ತೆ ಕುಗ್ಗಲು ಹವಣಿಸುತ್ತ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಈ ಒತ್ತಡದಿಂದ ಎರಡು ಮೈಗಳ ನಡುವೆ ಹುಟ್ಟುವ ಘರ್ಷಣೆಯೇ ಚಕ್ರ ಜಾರದಂತೆ ತಡೆಯುವುದು.

ಒತ್ತಡ ಎಷ್ಟು? ಸಣ್ಣ ಕಾರಿನ ಚಕ್ರದ ಬೋಲ್ಟು ಸಾಮಾನ್ಯವಾಗಿ 12 ಮಿ.ಮೀ. ದಪ್ಪ. ಅದನ್ನು ಸುಮಾರು 100 ನ್ಯೂಟನ್-ಮೀಟರ್ ತಿರುಚುಬಲದಲ್ಲಿ ಬಿಗಿಯುತ್ತಾರೆ. ಒಂದು ಮೀಟರ್ ಉದ್ದದ ರಾಡಿನ ತುದಿಗೆ 10 ಕಿಲೋ ಜೋಳದ ಚೀಲ ತೂಗುಹಾಕಿದರೆ ನಟ್ಟಿನ ಮೇಲೆ ಬೀಳುವ ತಿರುಚುಬಲ ಇದು. ಎಂಜಿನಿಯರುಗಳ ಸರಳ ಲೆಕ್ಕದ ಪ್ರಕಾರ ಇದರಿಂದ ಒಂದೊಂದು ಬೋಲ್ಟಿನಲ್ಲೂ ಸುಮಾರು 4 ಟನ್ ಎಳೆತ ಹುಟ್ಟುತ್ತದೆ. ನಾಲ್ಕು ಬೋಲ್ಟು ಸೇರಿದರೆ 16–17 ಟನ್. ಒಂದು ಟನ್ ತೂಗುವ ಕಾರಿನ ಒಂದೇ ಚಕ್ರವನ್ನು, ಇಡೀ ಕಾರಿನ ತೂಕದ ಹದಿನಾರು ಪಟ್ಟು ಬಲದಲ್ಲಿ ಒತ್ತಿ ಹಿಡಿಯಲಾಗಿದೆ!

ಇಲ್ಲಿ ಇನ್ನೊಂದು ಅಚ್ಚರಿ ಇದೆ. ನಾವು ಪಾನಕ್ಕೆ ಹಾಕುವ ಶಕ್ತಿಯಲ್ಲಿ ಅರ್ಧದಷ್ಟು ನಟ್ಟಿನ ತಳ ಉಜ್ಜುವುದರಲ್ಲೇ ಹೋಗುತ್ತದೆ, ಸುಮಾರು ಶೇ 40ರಷ್ಟು ಥ್ರೆಡ್ಡಿನ ಉಜ್ಜಾಟಕ್ಕೆ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಶೇ 10 ಮಾತ್ರ. ಅಂದಮೇಲೆ ಥ್ರೆಡ್ಡಿಗೆ ತುಕ್ಕು ಹಿಡಿದರೆ, ಹೊಲದ ದೂಳು ಮಳೆನೀರಿನೊಂದಿಗೆ ಸೇರಿ ಗಟ್ಟಿಯಾದರೆ ಏನಾಗುತ್ತದೆಂದು ಊಹಿಸಬಹುದು. ಬಿಚ್ಚುವಾಗ ಬಿಗಿದದ್ದಕ್ಕಿಂತ ಎರಡು ಪಟ್ಟು ಬಲ ಬೇಡಬಹುದು. ಗಾಳಿಗನ್ನಿನಿಂದ ಅಳತೆ ಇಲ್ಲದೆ ಬಿಗಿದ ನಟ್ಟಾದರೆ ಇನ್ನೂ ಹೆಚ್ಚು.

ಕಾರಿನೊಂದಿಗೆ ಬರುವ ಮೊಣಕೈ ಆಕಾರದ ಪಾನದ ಉದ್ದ ಸುಮಾರು 25 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದರಿಂದ 100 ನ್ಯೂಟನ್-ಮೀಟರ್ ಹುಟ್ಟಿಸಲು ತುದಿಯಲ್ಲಿ 40 ಕಿಲೋ ಭಾರ ಹಾಕಬೇಕು. ಎರಡು ಪಟ್ಟು ಬೇಕಾದರೆ 80 ಕಿಲೋ. ಜನ ಪಾನದ ಮೇಲೆ ಹತ್ತಿ ನಿಲ್ಲುವುದು ಇದಕ್ಕೇ. ಪಾನದ ತೋಳು 50 ಸೆಂ.ಮೀ. ಆದರೆ ಅದೇ ಕೆಲಸಕ್ಕೆ 40 ಕಿಲೋ ಸಾಕು. ಎಳೆದು ಉದ್ದಮಾಡಬಹುದಾದ ಹಿಡಿಕೆಯ ಪಾನ ಕೈಯಲ್ಲಿದ್ದರೆ ವಯಸ್ಸಾದವರೂ ಸಣ್ಣ ಮೈಕಟ್ಟಿನವರೂ ಚಕ್ರ ಬಿಚ್ಚಬಲ್ಲರು. ಲಾರಿಯ ನಟ್ಟಿಗೆ ಸುಮಾರು 600 ನ್ಯೂಟನ್-ಮೀಟರ್ ಬೇಕು. ಪಂಚರ್ ಅಂಗಡಿಯ ಮೂಲೆಯಲ್ಲಿ ಒರಗಿ ನಿಂತ ಆಳುದ್ದದ ಪೈಪಿನ ಗುಟ್ಟು ಇದೇ.

ತೋಳು ಉದ್ದವಾದಷ್ಟೂ ನಟ್ಟಿಗೆ ತಾಗುವ ಬಾಯಿಯ ಮೇಲೆ ಭಾರ ಏರುತ್ತದೆ. ಅಲ್ಲಿಂದ ಮುಂದಿನದು ಉಕ್ಕಿನ ಕತೆ.

ಕುಲುಮೆಯ ಪಾಠ

ನಮ್ಮ ಬಹುತೇಕ ಕಾರುಗಳ ಚಕ್ರದ ನಟ್ಟು 17, 19 ಇಲ್ಲವೇ 21 ಮಿ.ಮೀ. ಅಳತೆಯದು. 19 ಮಿ.ಮೀ. ನಟ್ಟಿನ ಮೂಲೆ ನಡುವಿನಿಂದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ದೂರದಲ್ಲಿದೆ. 100 ನ್ಯೂಟನ್-ಮೀಟರ್ ತಿರುಚುಬಲ ಅಷ್ಟು ಕಿರಿದಾದ ದೂರದಲ್ಲಿ ಒಟ್ಟು ಸುಮಾರು ಒಂದು ಟನ್ ಒತ್ತಾಗಿ ಬೀಳುತ್ತದೆ. ಆರು ಮೂಲೆಯ ಸಾಕೆಟ್ಟಿನಲ್ಲಿ ಈ ಒಂದು ಟನ್ ಆರು ಕಡೆ ಹಂಚಿಹೋಗುತ್ತದೆ. ಬಾಯಿ ತೆರೆದ ಪಾನದಲ್ಲಿ ಎರಡೇ ಕಡೆ, ಒಂದೊಂದಕ್ಕೂ ಅರ್ಧ ಟನ್. ಚಕ್ರದ ನಟ್ಟಿಗೆ ಬಾಯಿ ತೆರೆದ ಪಾನ ಹಾಕಲೇಬಾರದು ಎನ್ನುವುದು ಈ ಕಾರಣಕ್ಕೆ. ಹನ್ನೆರಡು ಮೂಲೆಯ ಸಾಕೆಟ್ ನಟ್ಟಿನ ಮೇಲೆ ಬೇಗ ಕೂರುತ್ತದೆ ನಿಜ, ಆದರೆ ಅದು ಹಿಡಿಯುವುದು ನಟ್ಟಿನ ಮೂಲೆಯ ತೀರಾ ತುದಿಯನ್ನು. ಸವೆದ ನಟ್ಟಿನ ಮೇಲೆ ಮೊದಲು ಜಾರುವುದೂ ಅದೇ. ಆರು ಮೂಲೆಯ ಸಾಕೆಟ್ಟು, ಅದರಲ್ಲೂ ಮೂಲೆಯನ್ನು ಬಿಟ್ಟು ನಟ್ಟಿನ ಬದಿಯ ಮೇಲೆ ಒತ್ತುವಂತೆ ಒಳಮೈ ತುಸು ದುಂಡಗೆ ಕೊರೆದ ಸಾಕೆಟ್ಟು, ನಟ್ಟನ್ನೂ ಕೈಯನ್ನೂ ಉಳಿಸುತ್ತದೆ.

ಅಳತೆ ಸರಿ ಇದ್ದರೂ ಉಕ್ಕು ಮೆತ್ತಗಿದ್ದರೆ ಬಾಯಿ ಅಗಲವಾಗುತ್ತದೆ. ಉಕ್ಕು ಗಟ್ಟಿಯಾಗುವುದು ಹೇಗೆಂಬುದನ್ನು ಕುಡಗೋಲು ತಟ್ಟುವ ಕಮ್ಮಾರ ಬಲ್ಲ. ಕಬ್ಬಿಣವನ್ನು ಕೆಂಡದ ಬಣ್ಣಕ್ಕೆ ಕಾಯಿಸಿ ಥಟ್ಟನೆ ನೀರಿಗೆ ಅದ್ದುತ್ತಾನೆ. ಅದು ಗಟ್ಟಿಯಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಮತ್ತೆ ಮೆಲ್ಲಗೆ ಕಾಯಿಸಿದರೆ ಪೆಡಸುತನ ಕಳೆದು ಗಟ್ಟಿತನ ಉಳಿಯುತ್ತದೆ. ಇದನ್ನೇ ಅವನು ಹದ ಕೊಡುವುದು ಎನ್ನುತ್ತಾನೆ. ಕಾರ್ಖಾನೆಯಲ್ಲೂ ಇದೇ ನಡೆಯುತ್ತದೆ. ಸುಮಾರು 850 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದ ಉಕ್ಕಿನೊಳಗೆ ಇಂಗಾಲದ ಪರಮಾಣುಗಳು ಕಬ್ಬಿಣದ ಜಾಲದಲ್ಲಿ ಕರಗಿರುತ್ತವೆ. ಎಣ್ಣೆಗೆ ಅದ್ದಿದಾಗ ಅವು ಹೊರಬರಲು ಸಮಯವಿಲ್ಲದೆ ಜಾಲದಲ್ಲೇ ಸಿಕ್ಕಿಬೀಳುತ್ತವೆ. ಜಾಲ ಬಿಗಿದುಕೊಳ್ಳುತ್ತದೆ, ಉಕ್ಕು ಗಡುಸಾಗುತ್ತದೆ. ಆಮೇಲಿನ ಮೆಲುಗಾವಿಗೆ ಅವುಗಳಲ್ಲಿ ಕೆಲವು ಹೊರಬಂದು ಜಾಲದ ಬಿಗಿತ ಸಡಿಲುತ್ತದೆ.

ಇಲ್ಲೊಂದು ಷರತ್ತಿದೆ. ಒಳಗೆ ಇಂಗಾಲವೇ ಸಾಲದಿದ್ದರೆ ಎಷ್ಟು ಕಾಯಿಸಿ ಎಷ್ಟು ಅದ್ದಿದರೂ ಉಕ್ಕು ಗಡುಸಾಗುವುದಿಲ್ಲ. ಕಿಟಕಿ ಸರಳಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ಶೇ 0.25ಕ್ಕಿಂತ ಕಡಿಮೆ. ಅಗ್ಗದ ಪಾನಗಳಲ್ಲಿ ಎಷ್ಟೋ ಇಂಥ ಉಕ್ಕಿನವು, ಇಲ್ಲವೇ ಒಳ್ಳೆಯ ಉಕ್ಕಿನವಾಗಿಯೂ ಹದ ಕಾಣದವು. ಮೇಲಿನ ಕ್ರೋಮಿಯಂ ಲೇಪ ಎರಡರಲ್ಲೂ ಒಂದೇ ಥರ ಮಿಂಚುತ್ತದೆ. ಲೇಪ ತುಕ್ಕಿನಿಂದ ಕಾಯುತ್ತದೆ, ಬಲ ಕೊಡುವುದಿಲ್ಲ.

ಒಳ್ಳೆಯ ಪಾನಗಳ ಮೇಲೆ ‘ಕ್ರೋಮ್ ವೆನೇಡಿಯಂ’ ಎಂಬ ಅಚ್ಚು ಇರುತ್ತದೆ. ಕ್ರೋಮಿಯಂ ಬೆರೆತ ಉಕ್ಕು ಮೇಲ್ಮೈಯಲ್ಲಷ್ಟೇ ಅಲ್ಲದೆ ಆಳದವರೆಗೂ ಗಡುಸಾಗುತ್ತದೆ. ಚಿಟಿಕೆಯಷ್ಟು ವೆನೇಡಿಯಂ ಉಕ್ಕಿನ ಹರಳುಗಳನ್ನು ಸಣ್ಣದಾಗಿಸುತ್ತದೆ. ಹರಳು ಸಣ್ಣದಾದಷ್ಟೂ ಬಿರುಕಿಗೆ ದಾರಿ ಕಡಿಮೆ. 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಹಗುರವಾಗಿಯೂ ಗಟ್ಟಿಯಾಗಿಯೂ ಇದ್ದುದಕ್ಕೆ ವೆನೇಡಿಯಂ ಉಕ್ಕು ಒಂದು ಮುಖ್ಯ ಕಾರಣ.

ಉಕ್ಕಿಗೆ ಬೇರೆ ಲೋಹ ಬೆರೆಸುವ ಈ ವಿದ್ಯೆಯ ಬೇರಿನಲ್ಲಿ ನಮ್ಮ ದಖ್ಖನಿನ ಪಾಲೂ ಇದೆ. ಇಲ್ಲಿಂದ ಹೊರದೇಶಗಳಿಗೆ ಹೋಗುತ್ತಿದ್ದ ಮೂಸೆಯುಕ್ಕನ್ನು ಯುರೋಪಿನವರು ‘ವೂಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಪದವೇ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಕಮ್ಮಾರನ ಮಗನಾಗಿದ್ದ ಮೈಕೆಲ್ ಫ್ಯಾರಡೆ ವಿದ್ಯುತ್ತಿನ ಸಂಶೋಧನೆಗಳಿಗೆ ಹೆಸರಾಗುವ ಮೊದಲು ಈ ವೂಟ್ಸನ್ನು ಪರೀಕ್ಷಿಸಿದ. ಅದರ ಗುಟ್ಟು ಹುಡುಕುತ್ತಲೇ 1820ರ ಹೊತ್ತಿಗೆ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದ. ಕೈಯಲ್ಲಿರುವ ಪಾನಕ್ಕೂ ನಮ್ಮ ಸೀಮೆಯ ಹಳೆಯ ಕುಲುಮೆಗೂ ಹೀಗೊಂದು ನಂಟಿದೆ.

ಎರೆಯ ಮೇಲೆ ನಿಂತ ಜಾಕ್

ಪಾನ ಕೈಕೊಟ್ಟರೆ ಬೆರಳಿಗೆ ಗಾಯ. ಜಾಕ್ ಕೈಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ಕಾರಿನ ಜೊತೆ ಬರುವ ಕತ್ತರಿ ಜಾಕ್ ತಿರುಪಿನ ಬಲದಿಂದ ಏರುತ್ತದೆ. ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಈ ಇಳಿಜಾರು ತೀರಾ ಕಡಿಮೆ ಓರೆಯಾಗಿರುವುದರಿಂದ ಮೇಲಿನ ಭಾರ ಎಷ್ಟೇ ಒತ್ತಿದರೂ ತಿರುಪು ತಾನಾಗಿ ಹಿಂದಕ್ಕೆ ತಿರುಗದು, ಘರ್ಷಣೆ ಅದನ್ನು ತಡೆದು ನಿಲ್ಲಿಸುತ್ತದೆ. ಇದಕ್ಕೆ ಕೊಡಬೇಕಾದ ಬೆಲೆಯೂ ಇದೆ. ಹೀಗೆ ತಾನಾಗಿ ನಿಲ್ಲುವ ತಿರುಪಿನ ದಕ್ಷತೆ ಶೇ 50ನ್ನು ಮೀರಲಾರದು. ನಾವು ಹಾಕಿದ ಶ್ರಮದ ಅರ್ಧಕ್ಕಿಂತ ಹೆಚ್ಚು ಉಜ್ಜಾಟದಲ್ಲೇ ಹೋಗುತ್ತದೆ. ಬಿಸಿಲಲ್ಲಿ ಜಾಕ್ ತಿರುಗಿಸಿ ಸುಸ್ತಾದವರು ನೆನಪಿಡಬೇಕು: ನಮ್ಮನ್ನು ದಣಿಸುವ ಘರ್ಷಣೆಯೇ ಕಾರನ್ನು ಮೇಲೆ ಹಿಡಿದಿಟ್ಟಿರುವುದು.

ಹೈಡ್ರಾಲಿಕ್ ಬಾಟಲಿ ಜಾಕಿನ ದಾರಿ ಬೇರೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ ಎಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೋರಿಸಿದ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಈ ತತ್ವದ ಮೇಲೆ ಒತ್ತುಯಂತ್ರ ಮಾಡಿ ಪೇಟೆಂಟ್ ಪಡೆದ. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಡ್ಜನ್ ಅದನ್ನು ಕೈಯಲ್ಲಿ ಒಯ್ಯಬಹುದಾದ ಜಾಕ್ ಆಗಿಸಿದ. ಒಂದು ಸೆಂ.ಮೀ. ಅಡ್ಡಳತೆಯ ಸಣ್ಣ ಕೊಂತವನ್ನು (ಪಿಸ್ಟನ್) ಒತ್ತಿ ಮೂರು ಸೆಂ.ಮೀ. ಅಡ್ಡಳತೆಯ ದೊಡ್ಡ ಕೊಂತವನ್ನು ಎತ್ತಿದರೆ ಬಲ ಒಂಬತ್ತು ಪಟ್ಟಾಗುತ್ತದೆ. ಜೊತೆಗೆ ಹಿಡಿಕೆಯ ಮೀಟುಗೋಲು ಸೇರಿದರೆ ಎರಡು ಬೆರಳಲ್ಲಿ ಒತ್ತಿದರೂ ಕಾರು ಏಳುತ್ತದೆ. ಒಮ್ಮೆ ಒತ್ತಿದರೆ ಏಳುವುದು ಎರಡು ಮಿ.ಮೀ. ಮಾತ್ರ. ಬಲ ಗಳಿಸಿದಷ್ಟೂ ದೂರ ಕಳೆದುಕೊಳ್ಳಬೇಕು, ಅದು ಪ್ರಕೃತಿಯ ಲೆಕ್ಕ.

ಆದರೆ ಇಲ್ಲಿ ಕಾರನ್ನು ಹಿಡಿದಿಡುವುದು ಉಕ್ಕಿನ ತಿರುಪಲ್ಲ, ರಬ್ಬರಿನ ಒಂದು ಬಳೆ ಮತ್ತು ಕಡಲೆಕಾಳಿನಷ್ಟು ಸಣ್ಣ ಗುಂಡಿನ ವಾಲ್ವು. ಬಿಸಿಲಿಗೆ ನಿಂತ ಕಾರಿನ ಡಿಕ್ಕಿ ಹೊರಗಿನ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಹೊರಗೆ 42 ಡಿಗ್ರಿ ದಾಟುವ ನಮ್ಮೂರಲ್ಲಿ ವರ್ಷವರ್ಷವೂ ಹೀಗೆ ಕಾದ ಕಳಪೆ ರಬ್ಬರು ಬಿರುಸಾಗಿ ಸೀಳುತ್ತದೆ. ವಾಲ್ವಿಗೆ ದೂಳಿನ ಒಂದು ಕಣ ಸಿಕ್ಕಿಕೊಂಡರೂ ಎತ್ತಿದ ಕಾರು ಮೆಲ್ಲಗೆ ಇಳಿಯತೊಡಗುತ್ತದೆ. ಒಳ್ಳೆಯ ಹೈಡ್ರಾಲಿಕ್ ಜಾಕಿಗೂ ಅಗ್ಗದ್ದಕ್ಕೂ ಇರುವ ವ್ಯತ್ಯಾಸ ಮೇಲಿನ ಕೆಂಪು ಬಣ್ಣದಲ್ಲಿಲ್ಲ, ಕಣ್ಣಿಗೆ ಕಾಣದ ಈ ಎರಡು ಭಾಗಗಳಲ್ಲಿದೆ. ಅದನ್ನು ಅಂಗಡಿಯಲ್ಲಿ ಬಿಚ್ಚಿ ನೋಡಲಾಗದು. ಆದ್ದರಿಂದ ಕಾರಿನ ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿರಬೇಕಾದ ಜಾಕ್ ಎಂದಮೇಲೆ, ಅಗ್ಗದ ಹೈಡ್ರಾಲಿಕ್‌ಗಿಂತ ಕಂಪನಿ ಕೊಟ್ಟ ತಿರುಪಿನ ಜಾಕ್ ಹೆಚ್ಚು ನಂಬಿಕಸ್ತ ಎಂಬುದು ನನ್ನ ತೀರ್ಮಾನ. ಅದಕ್ಕೆ ವರ್ಷಕ್ಕೊಮ್ಮೆ ಗ್ರೀಸು ಹಚ್ಚಿದರೆ ಸಾಕು.

ಜಾಕ್ ಎಷ್ಟೇ ಒಳ್ಳೆಯದಿರಲಿ, ಅದು ನಿಲ್ಲುವುದು ನೆಲದ ಮೇಲೆ. ರಾಯಚೂರು ಜಿಲ್ಲೆಯ ಬಹುಭಾಗ ಎರೆ. ಹತ್ತಿಯನ್ನು ಸಾಕುವ ಈ ಕರಿಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವಿದೆ. ಪದರ ಪದರವಾಗಿರುವ ಅದರ ಹರಳುಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಅಂಗೈ ತೂರುವಷ್ಟು ಬಿರಿಯುತ್ತದೆ. ಮನೆಯ ಅಡಿಪಾಯಕ್ಕೆ ಒಣ ಎರೆಯ ಮೇಲೆ ಎಂಜಿನಿಯರುಗಳು ಒಪ್ಪುತ್ತಿದ್ದ ಭಾರ ಚದರ ಮೀಟರಿಗೆ ಸುಮಾರು 15 ಟನ್. ಈಗ ಜಾಕಿನ ಲೆಕ್ಕ ನೋಡಿ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಅದರ ಪಾದದ ಮೇಲೆ ಕಾರಿನ 400 ಕಿಲೋ ಕೂತರೆ ಒತ್ತಡ ಚದರ ಮೀಟರಿಗೆ 40 ಟನ್! ಮಳೆ ಬಿದ್ದು ಮೆತ್ತಗಾದ ಎರೆಯಲ್ಲಿ ಜಾಕ್ ಹೂತುಹೋಗುವುದರಲ್ಲಿ ಆಶ್ಚರ್ಯವೇನಿಲ್ಲ. ಅದು ನೇರವಾಗಿ ಹೂಳುವುದಿಲ್ಲ, ಒಂದು ಬದಿಗೆ ವಾಲಿ ಹೂಳುತ್ತದೆ. ವಾಲಿದ ಜಾಕಿನಿಂದ ಕಾರು ಜಾರುತ್ತದೆ.

ಟಾರು ರಸ್ತೆಯನ್ನೂ ಪೂರ್ತಿ ನಂಬುವಂತಿಲ್ಲ. ಹೆದ್ದಾರಿಗೆ ಬಳಸುವ ಟಾರು 50 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ರಾಯಚೂರಿನಿಂದ ಮಂತ್ರಾಲಯದ ಕಡೆ ಹೋಗುವ ಹೆದ್ದಾರಿ 167ರ ಮೇಲ್ಮೈ ಬೇಸಗೆಯ ಮಧ್ಯಾಹ್ನ ಅದಕ್ಕಿಂತ ಬಿಸಿಯಾಗಬಲ್ಲದು.

ಇದಕ್ಕೆ ಪರಿಹಾರ ಅತಿ ಅಗ್ಗದ್ದು: ಒಂದಡಿ ಚೌಕದ, ಎರಡು ಬೆರಳು ದಪ್ಪದ ಮರದ ಹಲಗೆ. ಜಾಕಿನ ಕೆಳಗೆ ಅದನ್ನಿಟ್ಟರೆ ಅದೇ 400 ಕಿಲೋ ಒಂಬತ್ತು ಪಟ್ಟು ಜಾಗಕ್ಕೆ ಹರಡಿ, ಒತ್ತಡ ಚದರ ಮೀಟರಿಗೆ ನಾಲ್ಕೂವರೆ ಟನ್ನಿಗೆ ಇಳಿಯುತ್ತದೆ. ಬಡಗಿಯ ಅಂಗಡಿಯಲ್ಲಿ ಬಿದ್ದ ತುಂಡು ಸಾಕು. ಡಿಕ್ಕಿಯಲ್ಲಿರುವ ಸಾಮಾನುಗಳಲ್ಲಿ ಕೊಟ್ಟ ಕಾಸಿಗೆ ಹೆಚ್ಚು ಜೀವ ಉಳಿಸುವುದು ಇದೇ ಹಲಗೆ.

ಬಿಗಿಯುವ ಕೈಯ ಹದ

ಹೊಸ ಚಕ್ರ ಕೂರಿಸಿಯಾಯಿತು. ಪೈಪು ಕೈಯಲ್ಲಿದೆ. ಬಿಚ್ಚಲು ಪಟ್ಟ ಪಾಡು ನೆನೆದು, ಸಡಿಲವಾಗದಿರಲಿ ಎಂದು ಇನ್ನೊಂದು ಸುತ್ತು ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ದೊಡ್ಡ ತಪ್ಪು ನಡೆಯುವುದು ಇಲ್ಲೇ. 12 ಮಿ.ಮೀ. ಬೋಲ್ಟು ಸುಮಾರು 200 ನ್ಯೂಟನ್-ಮೀಟರ್ ಮುಟ್ಟಿದಾಗ ಹರಿಯುವ ಅಂಚಿಗೆ ಬಂದಿರುತ್ತದೆ. ಒಂದು ಮೀಟರ್ ಪೈಪಿನ ತುದಿಯಲ್ಲಿ 20 ಕಿಲೋ ಭಾರ ಹಾಕಿದರೆ ಸಾಕು, ಅಲ್ಲಿಗೆ ತಲುಪುತ್ತೇವೆ. ಒಮ್ಮೆ ಮಿತಿ ಮೀರಿ ಹಿಗ್ಗಿದ ಬೋಲ್ಟು ಮತ್ತೆ ಕುಗ್ಗದು. ಅದರ ಸ್ಪ್ರಿಂಗಿನ ಗುಣ ಸತ್ತಿರುತ್ತದೆ. ಮೇಲೆ ನೋಡಲು ಗಟ್ಟಿ, ಒಳಗೆ ಹಿಡಿತವಿಲ್ಲ. ಪೈಪು ಬಿಚ್ಚುವುದಕ್ಕೆ ಮಾತ್ರ, ಬಿಗಿಯುವುದಕ್ಕಲ್ಲ ಎಂಬ ನಿಯಮ ಹುಟ್ಟಿದ್ದು ಇದರಿಂದ.

ಥ್ರೆಡ್ಡಿಗೆ ಎಣ್ಣೆ ಹಚ್ಚುವುದೂ ಇಂಥದ್ದೇ ತಪ್ಪು. ಘರ್ಷಣೆಗೆ ಹೋಗುವ ಪಾಲು ಕಡಿಮೆಯಾದಾಗ ಉಳಿದದ್ದೆಲ್ಲ ಬೋಲ್ಟಿನ ಎಳೆತಕ್ಕೆ ಸೇರುತ್ತದೆ. ಅಷ್ಟೇ ಬಲದಲ್ಲಿ ತಿರುಗಿಸಿದರೂ ಎಳೆತ ಮೂರನೆಯ ಒಂದು ಭಾಗದಷ್ಟು ಹೆಚ್ಚಬಹುದು. ಆದ್ದರಿಂದ ತಯಾರಕರ ಕೈಪಿಡಿ ಹೇಳದ ಹೊರತು ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು ಒಣಗಿದ್ದಂತೆಯೇ ಬಿಗಿಯಬೇಕು.

ಹದವನ್ನು ಅಳೆಯುವ ಸಾಧನವೊಂದಿದೆ, ಟಾರ್ಕ್ ರೆಂಚ್. 1918ರಲ್ಲಿ ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್, ನೆಲದಡಿಯ ಕೊಳವೆಗಳ ಬೋಲ್ಟುಗಳನ್ನು ಕೆಲಸಗಾರರು ಮಿತಿಮೀರಿ ಬಿಗಿಯುವುದನ್ನು ತಪ್ಪಿಸಲು ಇಂಥದ್ದೊಂದನ್ನು ರೂಪಿಸಿದ. ಬೇಕಾದ ಅಳತೆ ಮುಟ್ಟಿದಾಗ ಟಿಕ್ ಎನ್ನುವ ಈ ಪಾನ ಪ್ರತಿ ಕಾರಿನಲ್ಲೂ ಇರಬೇಕಿಲ್ಲ, ಪ್ರತಿ ಪಂಚರ್ ಅಂಗಡಿಯಲ್ಲಂತೂ ಇರಲೇಬೇಕು. ರಸ್ತೆ ಬದಿಯಲ್ಲಿ ಅದಿಲ್ಲದಿದ್ದಾಗ ಕಾರಿನ ಚಿಕ್ಕ ಪಾನದಿಂದ ತೋಳಬಲವಷ್ಟನ್ನೇ ಬಳಸಿ, ಒಂದು ನಟ್ಟಿನಿಂದ ಎದುರಿನ ನಟ್ಟಿಗೆ ದಾಟುತ್ತ ಬಿಗಿಯಿರಿ. ಪಕ್ಕಪಕ್ಕದ ನಟ್ಟುಗಳನ್ನು ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ. 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಮೇಲ್ಮೈಯ ಬಣ್ಣ, ತುಕ್ಕು, ದೂಳಿನ ಪದರಗಳು ಒತ್ತಡಕ್ಕೆ ಕುಸಿದಾಗ ಕೂದಲಿನಷ್ಟಿದ್ದ ಹಿಗ್ಗಿನಲ್ಲಿ ಒಂದು ಪಾಲು ಕಳೆದುಹೋಗಿರುತ್ತದೆ.

ಊರು ಯಾವುದೆಂದು ಕೇಳುವುದಕ್ಕಿಂತ

ಆಮದಿನ ಸಾಮಾನೆಲ್ಲ ಕಳಪೆ, ನಮ್ಮದೆಲ್ಲ ಗಟ್ಟಿ ಎಂದು ಹೇಳಿಬಿಡುವುದು ಸುಲಭ, ಸತ್ಯ ಹಾಗಿಲ್ಲ. ಉತ್ತಮ ಪಾನಗಳೂ ಆಮದಾಗುತ್ತವೆ, ಹದವಿಲ್ಲದ ಪಾನಗಳು ನಮ್ಮಲ್ಲೂ ತಯಾರಾಗುತ್ತವೆ. ಪಂಜಾಬಿನ ಜಲಂಧರ್, ಲುಧಿಯಾನಗಳು ಕೈ ಉಪಕರಣಗಳಿಗೆ ಹೆಸರಾದ ಊರುಗಳು. ಅಲ್ಲಿನ ಪಾನಗಳು ಯುರೋಪು ಅಮೆರಿಕಗಳಿಗೆ ಹೋಗುತ್ತವೆ. ಹಾಗಿದ್ದೂ ಜಗತ್ತಿನ ಕೈ ಉಪಕರಣಗಳ ವ್ಯಾಪಾರದಲ್ಲಿ ಭಾರತದ ಪಾಲು ಶೇ 1.8 ಮಾತ್ರ ಎಂದು ನೀತಿ ಆಯೋಗ 2025ರಲ್ಲಿ ಹೇಳಿತು. ದೊಡ್ಡ ಪಾಲು ಚೀನಾದ್ದು. ಅಲ್ಲಿನ ಕಾರ್ಖಾನೆಗಳು ಕೇಳಿದ ದರ್ಜೆಯಲ್ಲಿ ಮಾಡಿಕೊಡುತ್ತವೆ. ಕಡಿಮೆ ಬೆಲೆ ಕೇಳಿದವರಿಗೆ ಕಡಿಮೆ ಹದದ ಉಕ್ಕು ಸಿಗುತ್ತದೆ. ಆದ್ದರಿಂದ ಯಾವ ದೇಶದ್ದು ಎಂಬುದಕ್ಕಿಂತ, ಮಾಡಿದವರು ತಮ್ಮ ಹೆಸರು ಹಾಕಿದ್ದಾರೆಯೇ ಎಂಬುದು ಮುಖ್ಯ. ಹೆಸರಿಲ್ಲದ ಪಾನಕ್ಕೆ ಹೊಣೆಗಾರರೂ ಇಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು ಇಷ್ಟು. ತಯಾರಕರ ಹೆಸರು ಮತ್ತು ಅಳತೆ ಉಕ್ಕಿನಲ್ಲೇ ಅಚ್ಚಾಗಿರಬೇಕು, ಕಾಗದದ ಚೀಟಿಯಲ್ಲಷ್ಟೇ ಅಲ್ಲ. ಭಾರತೀಯ ಮಾನಕದಲ್ಲಿ ಬಾಯಿ ತೆರೆದ ಪಾನಗಳಿಗೆ ಐಎಸ್ 2028, ರಿಂಗ್ ಪಾನಗಳಿಗೆ ಐಎಸ್ 2029 ಎಂಬ ಸಂಖ್ಯೆಗಳಿವೆ, ಬೇರೆ ಕೆಲಸಗಳಿಗೆ ಅಂಥ ಪಾನ ಕೊಳ್ಳುವಾಗ ಅವನ್ನು ಕೇಳಿ. ನಿಮ್ಮ ಕಾರಿನ ಒಂದು ನಟ್ಟನ್ನು ಜೇಬಿನಲ್ಲಿ ಒಯ್ದು ಸಾಕೆಟ್ಟಿಗೆ ಹಾಕಿ ಅಲ್ಲಾಡಿಸಿ. ಗಡಗಡ ಎಂದರೆ ಅದು ನಾಳೆ ನಟ್ಟಿನ ಮೂಲೆ ತಿನ್ನುತ್ತದೆ. ಬೆಸುಗೆ ಇದ್ದರೆ ಒರಟೋ ನಯವೋ ಬೆರಳಾಡಿಸಿ ನೋಡಿ. ಕೊಂಡ ಮೇಲೆ ಮನೆಯಲ್ಲಿ ಹಿಡಿಕೆಯ ಮರೆಯ ಭಾಗವನ್ನು ಅರದಿಂದ ಒಮ್ಮೆ ಉಜ್ಜಿ. ಕಿಟಕಿ ಸರಳಿನಂತೆ ಸಲೀಸಾಗಿ ಪುಡಿ ಉದುರಿದರೆ ಉಕ್ಕು ಮೆದು. ಅರ ಹಿಡಿಯಲು ತಡವರಿಸಿದರೆ ಹದವಿದೆ. ಗಾಳಿಗನ್ನು ಬಳಸುವವರು ಹೊಳೆಯುವ ಸಾಕೆಟ್ಟನ್ನು ಅದಕ್ಕೆ ಹಾಕಬಾರದು. ಕೈಬಲಕ್ಕೆ ಮಾಡಿದ ಗಡಸು ಸಾಕೆಟ್ ಬಡಿತಕ್ಕೆ ಸಿಡಿಯಬಹುದು. ಬಡಿತ ತಾಳುವಂತೆ ಹದ ಮಾಡಿದ ದಪ್ಪ ಕಪ್ಪು ಸಾಕೆಟ್ಟೇ ಬೇಕು.

ಕೈಯಲ್ಲಿ ಹಣ ಕಡಿಮೆ ಇದ್ದರೆ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು? ನಟ್ಟಿಗೆ ತಾಗುವ ಸಾಕೆಟ್ಟಿನಲ್ಲಿ ಉಳಿಸಬೇಡಿ. ಕಾರನ್ನು ಎತ್ತುವ ಜಾಕಿನಲ್ಲಿ ಉಳಿಸಬೇಡಿ. ಉಳಿದದ್ದೆಲ್ಲ ಅಗ್ಗದ್ದಾಗಲಿ, ಅಡ್ಡಿಯಿಲ್ಲ: ಪೈಪು ಗುಜರಿಯದ್ದಾಗಲಿ, ಹಲಗೆ ಬಡಗಿಯ ತುಂಡಾಗಲಿ, ಚಕ್ರಕ್ಕೆ ಅಡ್ಡ ಇಡುವ ಕಲ್ಲು ಹೊಲದ ಬದುವಿನದಾಗಲಿ. ನಿಮ್ಮ ಕಾರಿನ ಅಳತೆಯ ಒಂದೇ ಒಂದು ಒಳ್ಳೆಯ ಸಾಕೆಟ್ಟು, ಅರ್ಧ ಮೀಟರಿನ ಒಂದು ರಾಡು, ನಲವತ್ತು ತುಂಡುಗಳ ಮಿನುಗುವ ಪೆಟ್ಟಿಗೆಗಿಂತ ಮೇಲು.

ಕೊನೆಯದಾಗಿ, ದಾರಿಯಲ್ಲಿ ಚಕ್ರ ಕೂತಾಗ ಈ ಕ್ರಮ ಮರೆಯಬೇಡಿ. ಗಟ್ಟಿ ಸಮತಟ್ಟು ನೆಲ ಸಿಗುವವರೆಗೆ ಮೆಲ್ಲಗೆ ಸಾಗಿ. ಟೈರು ಹಾಳಾದರೂ ಚಿಂತೆಯಿಲ್ಲ. ಎಲ್ಲರನ್ನೂ ಕಾರಿನಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಓರೆಯಾಗಿ ಎದುರಿರುವ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಚಕ್ರ ಬಿಚ್ಚುವ ಮೊದಲು ಸ್ಟೆಪ್ನಿಯನ್ನು, ಬಿಚ್ಚಿದ ಮೇಲೆ ಪಂಚರಾದ ಚಕ್ರವನ್ನು ಕಾರಿನ ಹೊಟ್ಟೆಯ ಕೆಳಗೆ ಮಲಗಿಸಿಡಿ. ಜಾಕ್ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಎಂದೂ ಹಾಕಬೇಡಿ.

ಈ ಭಾನುವಾರ ಮನೆಯಂಗಳದಲ್ಲಿ ಡಿಕ್ಕಿ ತೆರೆದು, ಒಂದು ಚಕ್ರವನ್ನು ನೀವೇ ಬಿಚ್ಚಿ ಮತ್ತೆ ಹಾಕಿ ನೋಡಿ. ಮನೆಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಲಿಸಿ. ನಿಮ್ಮ ಪಾನಕ್ಕೆ ಹದವಿದೆಯೋ ಇಲ್ಲವೋ ಎಂಬುದು ಅಂಗಳದ ನೆರಳಿನಲ್ಲೇ ಗೊತ್ತಾಗಲಿ, ನಡುಹಗಲ ಹೆದ್ದಾರಿಯಲ್ಲಿ ಅಲ್ಲ.